ಹತ್ತಡಿ ಪೆಟ್ಟಿಗೆ ಹಿಮದ ಘಟ್ಟ ಗೆದ್ದದ್ದು ಹೇಗೆ?

ಟಾಟಾ ನ್ಯಾನೋ ನೋಡಿದ್ದೀರಲ್ಲ? ಅದರ ಉದ್ದ ಸುಮಾರು 3.1 ಮೀಟರ್. ಅದಕ್ಕಿಂತ ನಾಲ್ಕೈದು ಸೆಂಟಿಮೀಟರ್ ಗಿಡ್ಡ ಇದ್ದ ಒಂದು ಬ್ರಿಟಿಷ್ ಕಾರು, ನಮ್ಮ ಹಳೇ ಆಕ್ಟಿವಾದ ಹಾಗೆ 10 ಇಂಚಿನ ಚಕ್ರ ಹಾಕಿಕೊಂಡು, 1964ರ ಜನವರಿಯಲ್ಲಿ ಯುರೋಪಿನ ಅತಿ ಹೆಸರಾಂತ ರ‍್ಯಾಲಿಗೆ ಇಳಿಯಿತು. ಎದುರಾಳಿಗಳಲ್ಲಿ 4 ಲೀಟರಿಗಿಂತ ದೊಡ್ಡ ವಿ8 ಎಂಜಿನ್ ಇದ್ದ ಅಮೆರಿಕದ ಫೋರ್ಡ್ ಫಾಲ್ಕನ್ ಕೂಡ ಇತ್ತು. ಕೊನೆಗೆ ಪಟ್ಟಿಯ ಮೊದಲ ಸಾಲಿನಲ್ಲಿ ಇದ್ದದ್ದು ಆ ಗಿಡ್ಡ ಕಾರಿನ ಹೆಸರು. 1965ರಲ್ಲಿ ಮತ್ತೆ ಅದೇ. 1966ರಲ್ಲಿ ಮೊದಲ ಮೂರೂ ಸ್ಥಾನ ಅದಕ್ಕೇ ಬಂದವು, ಆದರೆ ಕಿತ್ತುಕೊಂಡರು. 1967ರಲ್ಲಿ ಮತ್ತೊಮ್ಮೆ ಗೆಲುವು. ಆ ಕಾರೇ ಮಿನಿ.

ಇವತ್ತು ಶೋರೂಮಿನಲ್ಲಿ ಕಾಣುವ ಬಿಎಂಡಬ್ಲ್ಯೂ ಮಿನಿಯನ್ನು ಮನಸ್ಸಿಗೆ ತಂದುಕೊಳ್ಳಬೇಡಿ. ಅದು ಹೆಸರಿಗೆ ಮಾತ್ರ ಮಿನಿ, ಮೈಕಟ್ಟಿನಲ್ಲಿ ಅಲ್ಲ. ನಾವು ಮಾತಾಡುತ್ತಿರುವುದು 1959ರ ಮೂಲ ಮಿನಿಯ ಬಗ್ಗೆ.

ಇದರಲ್ಲಿ ತಮಾಷೆ ಏನಂದ್ರೆ, ಇದನ್ನು ಡಿಸೈನ್ ಮಾಡಿದಾಗ ರ‍್ಯಾಲಿ ಅನ್ನೋ ಮಾತೇ ಇರಲಿಲ್ಲ. ಪೆಟ್ರೋಲ್ ಉಳಿಸಬೇಕು, ನಾಲ್ಕು ಜನ ಕೂರಬೇಕು, ಜಾಗ ಉಳಿಸಬೇಕು, ಅಷ್ಟೇ. ಹಾಗಾದರೆ ಜಾಗ ಉಳಿಸೋಕೆ ಮಾಡಿದ ಕಾರು ಹಿಮದ ಘಟ್ಟಗಳಲ್ಲಿ ಗೆದ್ದದ್ದು ಹೇಗೆ? ಅದೃಷ್ಟವೇ? ಅಲ್ಲ. ಜಾಗಕ್ಕಾಗಿ ತೆಗೆದುಕೊಂಡ ಒಂದೊಂದು ತೀರ್ಮಾನವೂ ರಸ್ತೆಯ ಮೇಲೆ ಮತ್ತೊಂದು ಲಾಭ ಕೊಟ್ಟಿತು. ಒಂದೊಂದಕ್ಕೂ ಬೆಲೆಯನ್ನೂ ತೆರಬೇಕಾಯಿತು. ಎರಡನ್ನೂ ಒಟ್ಟಿಗೆ ನೋಡಿದರೇನೇ ಈ ಕಥೆ ನಮ್ಮಂಥವರಿಗೆ ಉಪಯೋಗ.

ಪೆಟ್ರೋಲ್ ಇಲ್ಲದ ಚಳಿಗಾಲ

1956ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅದರ ಬೆನ್ನಿಗೇ ಯುದ್ಧ ನಡೆಯಿತು, ಕಾಲುವೆ ಮುಚ್ಚಿತು, ಯುರೋಪಿಗೆ ಬರುತ್ತಿದ್ದ ತೈಲ ನಿಂತಿತು. ಡಿಸೆಂಬರಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ದೊಡ್ಡ ಕಾರುಗಳನ್ನು ಕೇಳುವವರಿಲ್ಲ. ಜರ್ಮನಿಯ ಮೂರು ಚಕ್ರದ, ಮೊಟ್ಟೆಯಾಕಾರದ 'ಬಬಲ್ ಕಾರು'ಗಳು ಲಂಡನ್ನಿನ ಬೀದಿ ತುಂಬಿದವು.

ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದ್ರೆ ಬಿಎಂಸಿ, ಆಗಿತ್ತು. ಅದರ ಮುಖ್ಯಸ್ಥ ಲೆನಾರ್ಡ್ ಲಾರ್ಡ್‌ಗೆ ಬಬಲ್ ಕಾರು ಕಂಡರೆ ಆಗುತ್ತಿರಲಿಲ್ಲ. ಅವುಗಳನ್ನು ಬೀದಿಯಿಂದ ಓಡಿಸಬೇಕು, ಅದಕ್ಕೊಂದು ನಿಜವಾದ ಪುಟ್ಟ ಕಾರು ಬೇಕು ಅಂತ ಅವರು ಹಟ ಹಿಡಿದರು. 1957ರ ಮಾರ್ಚ್ ಹೊತ್ತಿಗೆ ಕೆಲಸ ಅಲೆಕ್ ಇಸಿಗೋನಿಸ್ ಅನ್ನೋ ಎಂಜಿನಿಯರ್ ಕೈಗೆ ಬಂತು. ಷರತ್ತು ಒಂದೇ: ಎಂಜಿನ್ ಹೊಸದು ಮಾಡುವ ಹಾಗಿಲ್ಲ, ಕಂಪನಿಯಲ್ಲಿ ಈಗಾಗಲೇ ಇರುವುದನ್ನೇ ಬಳಸಬೇಕು.

ಗಣಿತದಲ್ಲಿ ಮೂರು ಸಲ ಫೇಲ್

ಇಸಿಗೋನಿಸ್ ಹುಟ್ಟಿದ್ದು 1906ರಲ್ಲಿ, ಇವತ್ತಿನ ಟರ್ಕಿಯ ಇಜ್ಮಿರ್‌ನಲ್ಲಿ. ಆಗ ಆ ಊರಿಗೆ ಸ್ಮಿರ್ನಾ ಅಂತ ಹೆಸರು. ಅಪ್ಪ ಗ್ರೀಕ್ ಮೂಲದವರು, ಅಮ್ಮ ಜರ್ಮನಿಯವರು, ಪೌರತ್ವ ಬ್ರಿಟಿಷ್. 1922ರಲ್ಲಿ ಯುದ್ಧದಿಂದಾಗಿ ಕುಟುಂಬ ಊರು ಬಿಟ್ಟಿತು. ಹುಡುಗ ಅಮ್ಮನ ಜೊತೆ ಲಂಡನ್ ಸೇರಿ ಬ್ಯಾಟರ್ಸೀ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿದ. ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಫೇಲ್. (ಬ್ಯಾಕ್‌ಲಾಗ್ ಇರುವವರು ಇಲ್ಲಿ ಹಿಗ್ಗುವ ಮೊದಲು ಮುಂದಿನ ಸಾಲು ಓದಿ.) ಆದರೆ ಡ್ರಾಯಿಂಗ್‌ನಲ್ಲಿ ಅವರಿಗೆ ಸಾಟಿ ಇರಲಿಲ್ಲ. ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಒಂದು ಪ್ಯಾಡ್ ಇದ್ದರೆ ಸಾಕು, ಸಸ್ಪೆನ್ಷನ್ನಿನ ಒಂದೊಂದು ಭಾಗವೂ ಮೂರು ಆಯಾಮದಲ್ಲಿ ಹಾಳೆಯ ಮೇಲೆ ಬರುತ್ತಿತ್ತು. ಆ ಸ್ಕೆಚ್‌ಗಳನ್ನು ಅಳತೆಗೆ ತಂದು, ಲೆಕ್ಕ ಕೂಡಿಸಿ, ತಯಾರಿಸಬಲ್ಲ ಡ್ರಾಯಿಂಗ್ ಮಾಡುತ್ತಿದ್ದವರು ಜ್ಯಾಕ್ ಡೇನಿಯಲ್ಸ್‌ರಂಥ ಸಹೋದ್ಯೋಗಿಗಳು. ಲೆಕ್ಕ ಇಲ್ಲದೆ ಕಾರಾಗಲಿಲ್ಲ. ಲೆಕ್ಕ ಮಾಡುವವರು ಬೇರೆ ಇದ್ದರು, ಅಷ್ಟೇ.

ಯುದ್ಧದ ನಂತರ ಬಂದ ಮಾರಿಸ್ ಮೈನರ್ ಕಾರೂ ಇವರದೇ. 1930ರ ದಶಕದಲ್ಲಿ ಗೆಳೆಯ ಜಾರ್ಜ್ ಡೌಸನ್ ಜೊತೆ ಸೇರಿ ಇವರು ತಮ್ಮ ಕೈಯಾರೆ ಒಂದು ಹಗುರ ರೇಸ್ ಕಾರು ಕಟ್ಟಿ ಓಡಿಸಿದ್ದರು. ಅದರ ಹಿಂದಿನ ಸಸ್ಪೆನ್ಷನ್ನಿಗೆ ರಬ್ಬರ್ ಬಳಸಿದ್ದರು. ಈ ರಬ್ಬರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹತ್ತಡಿಯ ಲೆಕ್ಕ

ಸಾಮಾನ್ಯವಾಗಿ ಕಾರಿನ ಡಿಸೈನ್ ಶುರುವಾಗುವುದು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಇಟ್ಟು. ಉಳಿದ ಜಾಗ ಮನುಷ್ಯರಿಗೆ. ಇಸಿಗೋನಿಸ್ ಉಲ್ಟಾ ಮಾಡಿದರು. ನಾಲ್ಕು ಕುರ್ಚಿ ಇಟ್ಟು, ನಾಲ್ಕು ಜನ ಕೂತರೆ ಎಷ್ಟು ಜಾಗ ಬೇಕು ಅಂತ ಅಳೆದರು. ಇಡೀ ಕಾರಿಗೆ 10 ಅಡಿ. ಅದರಲ್ಲಿ 6 ಅಡಿ ಜನಕ್ಕೆ. ಉಳಿದ 4 ಅಡಿಯೊಳಗೆ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಲಗೇಜ್ ಎಲ್ಲ ಏನಾದರೂ ಮಾಡಿಕೊಳ್ಳಲಿ.

ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಮುಂದೆ ಉದ್ದುದ್ದ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯ ಕೆಳಗೆ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್. ನಮ್ಮ ಅಂಬಾಸಿಡರ್‌ದೂ ಇದೇ ಕ್ರಮ. ಈ ವ್ಯವಸ್ಥೆ 10 ಅಡಿಯಲ್ಲಿ ಕೂರುವುದಿಲ್ಲ. ಪ್ರೊಪೆಲ್ಲರ್ ಶಾಫ್ಟ್ ತೆಗೆಯಬೇಕಾದರೆ ಮುಂದಿನ ಚಕ್ರಗಳನ್ನೇ ಓಡಿಸಬೇಕು. ಎಂಜಿನ್ನಿನ ಉದ್ದ ಉಳಿಸಬೇಕಾದರೆ ಅದನ್ನು ಅಡ್ಡಲಾಗಿ ತಿರುಗಿಸಬೇಕು.

ಅಡ್ಡ ಎಂಜಿನ್ ಆಗಲಿ, ಮುಂದಿನ ಚಕ್ರದ ಚಾಲನೆಯಾಗಲಿ ಮಿನಿಯ ಆವಿಷ್ಕಾರ ಅಲ್ಲ. ಜರ್ಮನಿಯ ಡಿಕೆಡಬ್ಲ್ಯೂ, ಸ್ವೀಡನ್ನಿನ ಸಾಬ್ ಎರಡೂ ಅದನ್ನು ಮೊದಲೇ ಮಾಡಿದ್ದವು. ಆದರೆ ಅವು ಎರಡು ಸಿಲಿಂಡರಿನ ಗಿಡ್ಡ ಟೂ-ಸ್ಟ್ರೋಕ್ ಎಂಜಿನ್‌ಗಳು. ಇಸಿಗೋನಿಸ್ ಕೈಯಲ್ಲಿದ್ದದ್ದು ಬಿಎಂಸಿಯ ನಾಲ್ಕು ಸಿಲಿಂಡರಿನ 'ಎ ಸೀರೀಸ್' ಎಂಜಿನ್. 1.4 ಮೀಟರ್ ಅಗಲದ ಕಾರಿನಲ್ಲಿ ಅದನ್ನು ಅಡ್ಡ ಇಟ್ಟರೆ ಪಕ್ಕದಲ್ಲಿ ಗೇರ್‌ಬಾಕ್ಸಿಗೆ ಜಾಗವೇ ಇಲ್ಲ, ಚಕ್ರಗಳೂ ತಿರುಗಬೇಕಲ್ಲ.

ಹಾಗಾದರೆ ಗೇರ್‌ಬಾಕ್ಸ್ ಎಲ್ಲಿ? ಎಂಜಿನ್ನಿನ ಕೆಳಗೆ, ಎಣ್ಣೆ ನಿಲ್ಲುವ ಸಂಪಿನೊಳಗೇ! ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ರೇಡಿಯೇಟರನ್ನು ಮುಂದಿನಿಂದ ತೆಗೆದು ಎಡಪಕ್ಕಕ್ಕೆ ಇಟ್ಟರು. ಚಕ್ರ 10 ಇಂಚಿಗೆ ಇಳಿಯಿತು, ಯಾಕೆಂದರೆ ದೊಡ್ಡ ಚಕ್ರಕ್ಕೆ ಬೇಕಾದ ದೊಡ್ಡ ವೀಲ್ ಆರ್ಚ್ ಜನ ಕೂರುವ ಜಾಗವನ್ನು ತಿನ್ನುತ್ತೆ. ಆ ಅಳತೆಯ ಕಾರಿನ ಟೈರನ್ನು ಡನ್‌ಲಪ್ ಕಂಪನಿ ಇದಕ್ಕಾಗಿಯೇ ಮಾಡಿಕೊಟ್ಟಿತು. ನಾಲ್ಕು ಚಕ್ರಗಳನ್ನೂ ನಾಲ್ಕು ಮೂಲೆಗೆ ತಳ್ಳಿದರು. ಕಿಟಕಿ ಗಾಜು ಇಳಿಸುವ ಮೆಕ್ಯಾನಿಸಂ ಬದಲು ಸರಿಯುವ ಗಾಜು ಹಾಕಿದ್ದರಿಂದ ಬಾಗಿಲು ತೆಳುವಾಯಿತು, ಅದರೊಳಗೆ ಸಾಮಾನಿಡುವ ದೊಡ್ಡ ಜೇಬು ಸಿಕ್ಕಿತು.

ಮೊದಲ ಪ್ರೊಟೊಟೈಪಿಗೆ 948 ಸಿಸಿ ಎಂಜಿನ್ ಇತ್ತು. ಅದು ಗಂಟೆಗೆ 90 ಮೈಲಿ ಮುಟ್ಟಿತು. ಆಗಿನ ಮನೆಮಂದಿಯ ಪುಟ್ಟ ಕಾರಿಗೆ ಇಷ್ಟು ವೇಗ ಅತಿಯಾಯಿತು ಅಂತ 848 ಸಿಸಿಗೆ ಇಳಿಸಿದರು. ಶಕ್ತಿ ಸುಮಾರು 34 ಎಚ್‌ಪಿ, ಕಾರಿನ ತೂಕ ಸುಮಾರು 600 ಕೆಜಿ. ಅಂದ್ರೆ, ಮಾರಾಟಕ್ಕೆ ಬರುವ ಮೊದಲೇ ಈ ಕಾರಿನ ಚಾಸಿಗೆ ತನ್ನ ಎಂಜಿನ್ನಿಗಿಂತ ಹೆಚ್ಚಿನ ತಾಕತ್ತಿತ್ತು. ಈ ಮಾತೇ ಮುಂದೆ ಕೆಲಸಕ್ಕೆ ಬಂದದ್ದು.

1959ರ ಆಗಸ್ಟ್ 26ರಂದು ಕಾರು ಬಿಡುಗಡೆಯಾಯಿತು. ಬೆಲೆ ತೆರಿಗೆ ಸೇರಿ 500 ಪೌಂಡಿಗಿಂತ ಸ್ವಲ್ಪ ಕಡಿಮೆ.

ತಿರುಗಿದರೂ ನಡುಗಬಾರದು

ಮುಂದಿನ ಚಕ್ರವೇ ಕಾರನ್ನು ಎಳೆಯಬೇಕು, ಅದೇ ಚಕ್ರ ಸ್ಟೇರಿಂಗ್‌ಗೂ ತಿರುಗಬೇಕು. ಇದು ಕೇಳೋಕೆ ಸುಲಭ. ಕೈನೆಮ್ಯಾಟಿಕ್ಸ್ ಕ್ಲಾಸಿನಲ್ಲಿ ಹುಕ್ಸ್ ಜಾಯಿಂಟಿನ ಲೆಕ್ಕ ಬಿಡಿಸಿದವರಿಗೆ ಕಷ್ಟ ಎಲ್ಲಿದೆ ಅಂತ ಗೊತ್ತು. ಎರಡು ಶಾಫ್ಟುಗಳ ನಡುವೆ ಕೋನ ಬಂದರೆ, ಒಳಗೆ ಹೋಗುವ ವೇಗ ಒಂದೇ ಸಮ ಇದ್ದರೂ ಹೊರಬರುವ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಏರುತ್ತೆ, ಎರಡು ಸಲ ಇಳಿಯುತ್ತೆ. 30 ಡಿಗ್ರಿ ಕೋನಕ್ಕೆ ಲೆಕ್ಕ ಹಾಕಿ: ಒಳಗೆ 1000 ಆರ್‌ಪಿಎಂ ಕೊಟ್ಟರೆ ಹೊರಗೆ 866ರಿಂದ 1155ರವರೆಗೆ ಓಲಾಡುತ್ತೆ. ತಿರುವಿನಲ್ಲಿ ಈ ಓಲಾಟ ನೇರವಾಗಿ ಡ್ರೈವರ್ ಕೈಗೆ ಬಂದು ಬಡಿಯುತ್ತೆ.

ಇದಕ್ಕೆ ಪರಿಹಾರ ಕಾನ್‌ಸ್ಟಂಟ್ ವೆಲಾಸಿಟಿ ಜಾಯಿಂಟ್, ನಮ್ಮ ಗ್ಯಾರೇಜಿನವರು ಹೇಳುವ ಸಿವಿ ಜಾಯಿಂಟ್. ಮಿನಿಯಲ್ಲಿ ಬಳಸಿದ ರೂಪದ ಮೂಲ 1920ರ ದಶಕದ್ದು, ಆಲ್ಫ್ರೆಡ್ ರೆಪ್ಪಾ ಅನ್ನೋ ಎಂಜಿನಿಯರ್ ಕಂಡುಹಿಡಿದದ್ದು. ಒಂದು ಬಟ್ಟಲು, ಅದರೊಳಗೊಂದು ಗೋಲ, ನಡುವೆ ಪಂಜರದಲ್ಲಿ 6 ಉಕ್ಕಿನ ಗುಂಡು. ಎರಡು ಶಾಫ್ಟುಗಳ ನಡುವಿನ ಕೋನ ಎಷ್ಟೇ ಇರಲಿ, ಗುಂಡುಗಳೆಲ್ಲ ಯಾವಾಗಲೂ ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುತ್ತವೆ. ಅದರಿಂದ ಒಳಗಿನ ವೇಗವೂ ಹೊರಗಿನ ವೇಗವೂ ಒಂದೇ. ಇಂಥ ಜಾಯಿಂಟನ್ನು ಮಿನಿಯಂಥ ಅಗ್ಗದ ಕಾರಿಗೆ ಲಕ್ಷಗಟ್ಟಲೆ ತಯಾರಿಸಿದ್ದು ದೊಡ್ಡ ಹೆಜ್ಜೆ. ಇವತ್ತು ನಿಮ್ಮ ಮನೆಯ ಸ್ವಿಫ್ಟೋ ಐ20ಯೋ ತಿರುವಿನಲ್ಲಿ ಸದ್ದಿಲ್ಲದೆ ಹೋಗುತ್ತಿದ್ದರೆ ಈ ಜಾಯಿಂಟಿನ ವಂಶಕ್ಕೆ ಥ್ಯಾಂಕ್ಸ್ ಹೇಳಬೇಕು.

ರಬ್ಬರಿನ ಕೋನು

ಹಗುರ ಕಾರಿಗೆ ಒಂದು ವಿಚಿತ್ರ ಸಮಸ್ಯೆ ಇದೆ. 1200 ಕೆಜಿ ಕಾರಿಗೆ ನಾಲ್ಕು ಜನ, ಲಗೇಜು ಸೇರಿ 300 ಕೆಜಿ ಹಾಕಿದರೆ ತೂಕ ಕಾಲುಭಾಗ ಜಾಸ್ತಿ ಆಗುತ್ತೆ. 600 ಕೆಜಿ ಕಾರಿಗೆ ಅದೇ 300 ಕೆಜಿ ಹಾಕಿದರೆ ತೂಕ ಒಂದೂವರೆ ಪಟ್ಟು! ಸ್ಪ್ರಿಂಗ್ ಮೆತ್ತಗಿದ್ದರೆ ತುಂಬಿದ ಕಾರು ನೆಲಕ್ಕೆ ಕೂರುತ್ತೆ. ಗಟ್ಟಿ ಇದ್ದರೆ ಒಬ್ಬನೇ ಓಡಿಸುವಾಗ ಕುದುರೆಯ ಹಾಗೆ ಕುಣಿಯುತ್ತೆ. ಸ್ಪ್ರಿಂಗ್ ಸ್ಟಿಫ್‌ನೆಸ್ಸನ್ನು ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ನ್ಯಾಚುರಲ್ ಫ್ರೀಕ್ವೆನ್ಸಿ ಅಂತ ವೈಬ್ರೇಷನ್ಸ್ ಪೇಪರಿನಲ್ಲಿ ಬರೆದಿದ್ದೀವಲ್ಲ, ಅದೇ ಇದು. ತೂಕ ಏರಿದಾಗ ಸವಾರಿ ಹಾಗೇ ಇರಬೇಕಾದರೆ ಸ್ಟಿಫ್‌ನೆಸ್ಸೂ ಜೊತೆಗೇ ಏರಬೇಕು. ಸಾಮಾನ್ಯ ಕಾಯಿಲ್ ಸ್ಪ್ರಿಂಗ್‌ನಲ್ಲಿ ಅದು ಆಗಲ್ಲ.

ಇಸಿಗೋನಿಸ್ ಗೆಳೆಯ ಅಲೆಕ್ಸ್ ಮೌಲ್ಟನ್ ಅವರ ಮನೆತನದ್ದು ರಬ್ಬರ್ ವ್ಯಾಪಾರ. ಅವರು ಕೊಟ್ಟದ್ದು ರಬ್ಬರ್ ಕೋನು. ಒತ್ತಿದಷ್ಟೂ ಅದು ಗಟ್ಟಿಯಾಗುತ್ತೆ. ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದು, ಆದ್ದರಿಂದ ಬೂಟಿನ ಜಾಗವನ್ನೂ ತಿನ್ನಲ್ಲ. ಇಲ್ಲೂ ಕಾರಣ ಜಾಗವೇ. ಆದರೆ ಸಿಕ್ಕ ಫಲ ಏನು? ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಬಿದ್ದಂತೆ ರಬ್ಬರ್ ಇನ್ನಷ್ಟು ಬಿಗಿಯಾಗಿ ಕಾರು ವಾಲುವುದು ಕಡಿಮೆಯಾಯಿತು. ಮೂಲೆಗಳಲ್ಲಿ ಚಕ್ರ, ಕೆಳಗೆ ತೂಕ, ಮೈ ವಾಲದ ಸಸ್ಪೆನ್ಷನ್. ಓಡಿಸಿದವರು ಗೋ-ಕಾರ್ಟ್ ಹಾಗಿದೆ ಅಂದರು. ಸವಾರಿ ಮಾತ್ರ ಸ್ವಲ್ಪ ಒರಟು. 1964ರಿಂದ ಕೆಲವು ವರ್ಷ ರಬ್ಬರ್ ಜೊತೆ ದ್ರವ ಸೇರಿಸಿದ 'ಹೈಡ್ರೋಲಾಸ್ಟಿಕ್' ವ್ಯವಸ್ಥೆ ಬಂತು, ಆಮೇಲೆ ಮತ್ತೆ ರಬ್ಬರಿಗೇ ಮರಳಿದರು.

ಕೂಪರ್ ಕಣ್ಣಿಗೆ ಬಿತ್ತು

ಜಾನ್ ಕೂಪರ್ ಅಂದ್ರೆ ಆ ಕಾಲದ ಫಾರ್ಮುಲಾ ಒನ್‌ನ ದೊಡ್ಡ ಹೆಸರು. ಎಂಜಿನ್ನನ್ನು ಡ್ರೈವರಿನ ಬೆನ್ನ ಹಿಂದೆ ಇಟ್ಟ ಅವರ ಕಾರಿನಲ್ಲಿ ಜ್ಯಾಕ್ ಬ್ರಾಭಮ್ 1959 ಮತ್ತು 1960ರಲ್ಲಿ ವಿಶ್ವ ಚಾಂಪಿಯನ್ ಆದರು. ಇಸಿಗೋನಿಸ್‌ಗೆ ಹಳೇ ಪರಿಚಯ. ಮಿನಿ ಓಡಿಸಿದ ಕೂಪರ್‌ಗೆ ಅನ್ನಿಸಿದ್ದು, ಈ ಚಾಸಿಗೆ ಈ ಎಂಜಿನ್ ಸಾಲದು ಅಂತ. ಇಸಿಗೋನಿಸ್‌ಗೆ ಈ ಯೋಚನೆ ಅಷ್ಟೇನೂ ಹಿಡಿಸಲಿಲ್ಲ. ಅವರ ಪ್ರಕಾರ ಇದು ಜನಸಾಮಾನ್ಯರ ಕಾರು. ಕೂಪರ್ ನೇರವಾಗಿ ಬಿಎಂಸಿಯ ಜಾರ್ಜ್ ಹ್ಯಾರಿಮನ್ ಹತ್ತಿರ ಹೋಗಿ ಒಪ್ಪಿಗೆ ತಂದರು.

1961ರಲ್ಲಿ ಮಿನಿ ಕೂಪರ್ ಬಂತು. ಸ್ಟ್ರೋಕ್ ಉದ್ದ ಮಾಡಿ 997 ಸಿಸಿ, ಎರಡು ಕಾರ್ಬುರೇಟರ್, 55 ಎಚ್‌ಪಿ, ಮುಂದೆ 7 ಇಂಚಿನ ಡಿಸ್ಕ್ ಬ್ರೇಕ್. 1963ರಲ್ಲಿ 1071 ಸಿಸಿಯ 'ಕೂಪರ್ ಎಸ್', ಸುಮಾರು 70 ಎಚ್‌ಪಿ. 1964ರಲ್ಲಿ 1275 ಸಿಸಿ. ಮೊದಲಿದ್ದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾದರೂ ಕಾರಿನ ಮೂಲ ರಚನೆ ಹೆಚ್ಚುಕಡಿಮೆ ಹಾಗೇ ಇತ್ತು.

ಹಿಮದ ಮೇಲಿನ ಫಿಸಿಕ್ಸ್

ಈಗ ಅಸಲು ವಿಷಯಕ್ಕೆ ಬರೋಣ. ಹಿಮ ಬಿದ್ದ ರಸ್ತೆಯಲ್ಲಿ ಎಂಜಿನ್ ಎಷ್ಟು ಎಚ್‌ಪಿ ಅನ್ನೋದು ಎರಡನೇ ಪ್ರಶ್ನೆ. ಟೈರ್ ಎಷ್ಟನ್ನು ನೆಲಕ್ಕೆ ದಾಟಿಸುತ್ತೆ ಅನ್ನೋದು ಮೊದಲನೇದು. ಅದನ್ನು ನಿರ್ಧರಿಸೋದು ಎರಡೇ: ಘರ್ಷಣೆ, ಮತ್ತು ಚಾಲಕ ಚಕ್ರಗಳ ಮೇಲಿರುವ ತೂಕ.

ಒಂದು ಅಂದಾಜು ಲೆಕ್ಕ ಹಾಕೋಣ. ಎರಡು ಕಾರು, ಎರಡೂ 700 ಕೆಜಿ. ಹಿಮದ ಮೇಲೆ ಘರ್ಷಣಾಂಕ 0.2 ಅಂತಿಟ್ಟುಕೊಳ್ಳಿ. ಮಿನಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಮುಂದಿನ ಚಕ್ರಗಳ ಹತ್ತಿರವೇ ಇರುವುದರಿಂದ ಶೇಕಡಾ 62ರಷ್ಟು ತೂಕ ಮುಂದೆ, ಅಂದ್ರೆ 434 ಕೆಜಿ. ಅದು ಕೊಡಬಲ್ಲ ಎಳೆತ ಸುಮಾರು 87 ಕೆಜಿ ಬಲ. ಇನ್ನೊಂದು ಕಾರು ಮುಂದೆ ಎಂಜಿನ್ ಇದ್ದು ಹಿಂದಿನ ಚಕ್ರ ಓಡುವಂಥದ್ದು. ಹಿಂದಿನ ಚಕ್ರಗಳ ಮೇಲೆ ಶೇಕಡಾ 47 ತೂಕ, ಅಂದ್ರೆ 329 ಕೆಜಿ. ಅದರ ತಳ್ಳುವ ಬಲ ಸುಮಾರು 66 ಕೆಜಿ.

ಈಗ ಮುಂದೆ 10 ಮೀಟರಿಗೆ 1 ಮೀಟರ್ ಏರುವ ಘಟ್ಟ ಬಂತು. ಗುರುತ್ವ ಹಿಂದಕ್ಕೆ ಎಳೆಯುವ ಬಲ ಸುಮಾರು 70 ಕೆಜಿ. ಮಿನಿ ಹತ್ತುತ್ತೆ. ಇನ್ನೊಂದು ನಿಂತಲ್ಲೇ ಚಕ್ರ ತಿರುಗಿಸುತ್ತೆ. ಅದರಲ್ಲಿ 300 ಎಚ್‌ಪಿ ಇದ್ದರೂ ಅಷ್ಟೇ, ಚಕ್ರ ಇನ್ನೂ ಜೋರಾಗಿ ತಿರುಗಬಹುದು. 'ಏರಿನಲ್ಲಿ ತೂಕ ಹಿಂದಕ್ಕೆ ಸರಿಯುತ್ತಲ್ವಾ?' ಅಂತ ಕೇಳಿದವರಿಗೆ ಫುಲ್ ಮಾರ್ಕ್ಸ್. ಸರಿಯುತ್ತೆ. ಅದನ್ನು ಸೇರಿಸಿದರೆ ಎರಡರ ಅಂತರ ಕಡಿಮೆ ಆಗುತ್ತೆ, ಈ ಏರಿನಲ್ಲಿ ಫಲಿತಾಂಶ ಬದಲಾಗಲ್ಲ.

ಎರಡನೇದು ತಿರುವು. ಮುಂದಿನ ಚಕ್ರವೇ ಎಳೆಯುವ ಕಾರಿಗೆ ಒಂದು ದೌರ್ಬಲ್ಯ ಇದೆ. ವೇಗದಲ್ಲಿ ತಿರುಗಿಸಿದರೆ ಮೂತಿ ಹೊರಕ್ಕೆ ಜಾರುತ್ತೆ, ಅದೇ ಅಂಡರ್‌ಸ್ಟೀರ್. ಇದಕ್ಕೆ ಉತ್ತರ ಸ್ಕ್ಯಾಂಡಿನೇವಿಯಾದ ಡ್ರೈವರ್‌ಗಳ ಎಡಗಾಲಿನಲ್ಲಿತ್ತು. ಬಲಗಾಲು ಆಕ್ಸಿಲರೇಟರ್ ಮೇಲೆ ಒತ್ತಿಯೇ ಇರುತ್ತೆ, ಎಡಗಾಲು ಬ್ರೇಕ್ ಒತ್ತುತ್ತೆ. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಬರುತ್ತಿರುವುದರಿಂದ ಅವು ತಿರುಗುತ್ತಲೇ ಇರುತ್ತವೆ. ಹಿಂದಿನ ಚಕ್ರಗಳು ಮಾತ್ರ ಹಿಡಿತ ಬಿಟ್ಟು ಹೊರಕ್ಕೆ ಜಾರುತ್ತವೆ. ಕಾರಿನ ಬಾಲ ಸುತ್ತಿ, ಮೂತಿ ತಿರುವಿನ ಒಳಕ್ಕೆ ಬರುತ್ತೆ. ಗಿಡ್ಡ ವೀಲ್‌ಬೇಸ್, ಹಗುರ ಹಿಂಭಾಗ ಇರುವ ಮಿನಿಯಲ್ಲಿ ಈ ವರಸೆ ಚೆನ್ನಾಗಿ ಕೂತಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ರಸ್ತೆಯಲ್ಲಿ ರ‍್ಯಾಲಿ ನೋಡಿದವರಿಗೆ ಬಾಲ ಬೀಸಿಕೊಂಡು ತಿರುವು ದಾಟುವ ಕಾರಿನ ಚಿತ್ರ ಗೊತ್ತಿರುತ್ತೆ. ಅಲ್ಲಿ ಮಣ್ಣು, ಇಲ್ಲಿ ಮಂಜುಗಡ್ಡೆ.

ಮೂರನೇದು ಕಾರಿನ ಸೈಜು. ಆಲ್ಪ್ಸ್ ಘಟ್ಟದ ರಸ್ತೆ ಕಿರಿದು. 1.4 ಮೀಟರ್ ಅಗಲದ ಕಾರಿಗೆ ಅದೇ ರಸ್ತೆ ಅಗಲವಾಗಿ ಸಿಗುತ್ತೆ. ಜಾರಿದರೂ ಸರಿಪಡಿಸಿಕೊಳ್ಳೋಕೆ ಜಾಗ ಇರುತ್ತೆ.

ಮಾಂಟೆ ಕಾರ್ಲೊದ ನಾಲ್ಕು ಚಳಿಗಾಲ

ಮಿನಿಗೆ ಮೊದಲ ದೊಡ್ಡ ಅಂತರರಾಷ್ಟ್ರೀಯ ಗೆಲುವು ತಂದುಕೊಟ್ಟವರು ಇಬ್ಬರು ಮಹಿಳೆಯರು. 1962ರ ಟ್ಯುಲಿಪ್ ರ‍್ಯಾಲಿಯಲ್ಲಿ ಪ್ಯಾಟ್ ಮಾಸ್ ಕಾರು ಓಡಿಸಿದರು, ಆನ್ ವಿಸ್ಡಮ್ ದಾರಿ ಹೇಳಿದರು.

ಮಾಂಟೆ ಕಾರ್ಲೊ ರ‍್ಯಾಲಿಯ ಆಗಿನ ಕ್ರಮ ಹೀಗಿತ್ತು: ಕಾರುಗಳು ಯುರೋಪಿನ ಬೇರೆಬೇರೆ ಊರುಗಳಿಂದ ಹೊರಟು, ಸಾವಿರಾರು ಕಿಲೋಮೀಟರ್ ಓಡಿ ಒಂದೆಡೆ ಸೇರಬೇಕು. ಆಮೇಲೆ ಆಲ್ಪ್ಸ್ ಘಟ್ಟಗಳಲ್ಲಿ ಸಮಯ ಅಳೆಯುವ ವಿಶೇಷ ಹಂತಗಳು. 1607 ಮೀಟರ್ ಎತ್ತರದ ಟುರಿನಿ ಘಟ್ಟ ಅದರಲ್ಲಿ ಹೆಸರುವಾಸಿ.

1964ರಲ್ಲಿ ಉತ್ತರ ಐರ್ಲೆಂಡಿನ ಪ್ಯಾಡಿ ಹಾಪ್‌ಕರ್ಕ್ ಮತ್ತು ನ್ಯಾವಿಗೇಟರ್ ಹೆನ್ರಿ ಲಿಡನ್ ಮಿನ್‌ಸ್ಕ್‌ನಿಂದ ಹೊರಟರು. 1071 ಸಿಸಿ ಕೂಪರ್ ಎಸ್, ಬಾಗಿಲ ಮೇಲೆ 37ನೇ ನಂಬರ್. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಬರೀ ಗಡಿಯಾರ ನೋಡಿದರೆ ಫಾಲ್ಕನ್ ಓಡಿಸಿದ ಬೋ ಲ್ಯುಂಗ್‌ಫೆಲ್ಟ್ ವಿಶೇಷ ಹಂತಗಳಲ್ಲಿ ವೇಗವಾಗಿದ್ದರು. ಆದರೆ ಆ ವರ್ಷದ ನಿಯಮದಲ್ಲಿ ದೊಡ್ಡ ಎಂಜಿನ್ನಿಗೆ ಹ್ಯಾಂಡಿಕ್ಯಾಪ್ ಇತ್ತು. ಮಿನಿ ಫಾಲ್ಕನ್ನಿಗೆ ಎಷ್ಟು ಹತ್ತಿರ ಉಳಿಯಿತು ಅನ್ನುವುದೇ ಮುಖ್ಯವಾಯಿತು. ಅದು ಬೆನ್ನು ಬಿಡದೆ ಉಳಿಯಿತು. ನಾಲ್ಕು ಪಟ್ಟಿಗೂ ಹೆಚ್ಚು ದೊಡ್ಡ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡದ್ದೇ ದೊಡ್ಡ ಸಾಧನೆ.

'ನಿಯಮದ ಸಹಾಯದಿಂದ ಗೆದ್ದರು' ಅಂದವರಿಗೆ 1965 ಉತ್ತರ ಕೊಟ್ಟಿತು. ಆ ವರ್ಷ ಭಯಂಕರ ಹಿಮಪಾತ. ಹೊರಟ 237 ಕಾರುಗಳಲ್ಲಿ ಸಮಯದೊಳಗೆ ಮಾಂಟೆ ಕಾರ್ಲೊ ಮುಟ್ಟಿದ್ದು 35 ಮಾತ್ರ. ಫಿನ್‌ಲೆಂಡಿನ ಟಿಮೊ ಮ್ಯಾಕಿನೆನ್ ಮತ್ತು ಪಾಲ್ ಈಸ್ಟರ್ ಜೋಡಿ 1275 ಸಿಸಿ ಮಿನಿಯಲ್ಲಿ ದಾರಿಯುದ್ದಕ್ಕೂ ಒಂದೇ ಒಂದು ದಂಡದ ಅಂಕ ಬೀಳದಂತೆ ಬಂತು. ಹಾಗೆ ಬಂದದ್ದು ಅವರೊಬ್ಬರೇ. ಹಿಮ ಹೆಚ್ಚಾದಷ್ಟೂ ಎಚ್‌ಪಿಯ ಬೆಲೆ ಇಳಿದು ಹಿಡಿತದ ಬೆಲೆ ಏರುತ್ತೆ ಅನ್ನೋ ನಮ್ಮ ಮೇಲಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆ ಪ್ರಾಕ್ಟಿಕಲ್ ಪರೀಕ್ಷೆ ಸಿಗಲಿಕ್ಕಿಲ್ಲ.

1966ರಲ್ಲಿ ಮ್ಯಾಕಿನೆನ್, ರೌನೊ ಆಲ್ಟೊನೆನ್, ಹಾಪ್‌ಕರ್ಕ್ ಕ್ರಮವಾಗಿ ಒಂದು, ಎರಡು, ಮೂರು. ಮೂವರೂ ಮಿನಿ. ಆಯೋಜಕರು ಕಾರುಗಳನ್ನು ಗಂಟೆಗಟ್ಟಲೆ ಬಿಚ್ಚಿ ಪರೀಕ್ಷಿಸಿದರು. ಕೊನೆಗೆ ತಪ್ಪು ಸಿಕ್ಕಿದ್ದು ಹೆಡ್‌ಲೈಟಿನಲ್ಲಿ: ಒಂದೇ ಫಿಲಮೆಂಟಿನ ಅಯೋಡಿನ್ ಬಲ್ಬು ಹಾಕಿದ್ದಾರೆ, ಡಿಪ್ ಮಾಡುವ ವ್ಯವಸ್ಥೆ ನಿಯಮಕ್ಕೆ ಹೊಂದುತ್ತಿಲ್ಲ ಅಂತ. ನಾಲ್ಕನೇ ಸ್ಥಾನದ ಫೋರ್ಡ್ ಲೋಟಸ್ ಕಾರ್ಟಿನಾವನ್ನೂ ಸೇರಿಸಿ ಎಲ್ಲರನ್ನೂ ಅನರ್ಹಗೊಳಿಸಿ ಸಿಟ್ರೊಯೆನ್ ಓಡಿಸಿದ ಪೌಲಿ ತೊಯ್ವೊನೆನ್‌ಗೆ ಪ್ರಶಸ್ತಿ ಕೊಟ್ಟರು. ಗೆದ್ದವರಿಗೇ ಆ ಗೆಲುವು ಬೇಡವಾಗಿತ್ತು. ಬ್ರಿಟನ್ನಿನಲ್ಲಿ ದೊಡ್ಡ ಗಲಾಟೆಯಾಯಿತು, ಮಿನಿಗೆ ಗೆದ್ದಿದ್ದರೆ ಸಿಗುತ್ತಿದ್ದುದಕ್ಕಿಂತ ಜಾಸ್ತಿ ಪ್ರಚಾರ ಸಿಕ್ಕಿತು. ಮರುವರ್ಷ, 1967ರಲ್ಲಿ, ಆಲ್ಟೊನೆನ್ ಮತ್ತು ಲಿಡನ್ ಹೋಗಿ ಗೆದ್ದು ಬಂದರು.

ಹಾಗಂತ ಗೆದ್ದದ್ದು ಕಾರೊಂದೇ ಅಲ್ಲ. ಅಬಿಂಗ್ಡನ್‌ನಲ್ಲಿದ್ದ ಬಿಎಂಸಿಯ ಸ್ಪರ್ಧಾ ವಿಭಾಗವನ್ನು 1961ರಿಂದ ನಡೆಸಿದ ಸ್ಟುವರ್ಟ್ ಟರ್ನರ್ ತಯಾರಿಯಲ್ಲಿ ಪಕ್ಕಾ. ರಸ್ತೆಯನ್ನು ಮೊದಲೇ ಓಡಿಸಿ ಪ್ರತಿ ತಿರುವಿಗೂ ಪೇಸ್ ನೋಟ್ಸ್ ಬರೆಸುತ್ತಿದ್ದರು. ರ‍್ಯಾಲಿ ಕಾರು ಬರುವ ಮೊದಲು ಬೇರೊಂದು ತಂಡ ಅದೇ ದಾರಿಯಲ್ಲಿ ಹೋಗಿ ಎಲ್ಲಿ ಮಂಜುಗಡ್ಡೆ ಕಟ್ಟಿದೆ ಅಂತ ಗುರುತಿಸಿ ಆ ನೋಟ್ಸ್ ತಿದ್ದುತ್ತಿತ್ತು. ಯಾವ ಹಂತಕ್ಕೆ ಯಾವ ಟೈರ್ ಅನ್ನೋದು ಅದರ ಮೇಲೆ ತೀರ್ಮಾನ. ಫಿಸಿಕ್ಸ್ ಕೊಟ್ಟದ್ದನ್ನು ಗಡಿಯಾರದಲ್ಲಿ ತೋರಿಸಿದ್ದು ಈ ತಯಾರಿ.

ಬಿಲ್ಲು ಬಂತು

ಇನ್ನು ನಾಣ್ಯದ ಇನ್ನೊಂದು ಮುಖ. ಕಾರ್ಬುರೇಟರಿಗೆ ಐಸ್ ಕಟ್ಟುತ್ತೆ ಅಂತ ಪ್ರೊಟೊಟೈಪ್ ಹಂತದಲ್ಲಿ ಎಂಜಿನ್ನನ್ನು 180 ಡಿಗ್ರಿ ತಿರುಗಿಸಿದರು. ಕಾರ್ಬುರೇಟರ್ ಹಿಂದಕ್ಕೆ ಹೋಯಿತು, ಡಿಸ್ಟ್ರಿಬ್ಯೂಟರ್ ಮುಂದಿನ ಗ್ರಿಲ್ಲಿನ ಎದುರಿಗೆ ಬಂತು. ಜೋರು ಮಳೆಯಲ್ಲಿ ಅದು ಒದ್ದೆಯಾಗಿ ಎಂಜಿನ್ ಕೈಕೊಡುತ್ತಿತ್ತು. ಮೊದಲ ಕಾರುಗಳ ತಳದ ಶೀಟುಗಳ ಜೋಡಣೆ ನೀರನ್ನು ಒಳಕ್ಕೆ ಕರೆಯುವ ದಿಕ್ಕಿನಲ್ಲಿತ್ತು. ಮಳೆ ಬಂದರೆ ಡ್ರೈವರಿನ ಕಾಲ ಕೆಳಗೆ ನೀರು. ಚಕ್ರ ಚಿಕ್ಕದಾದ್ದರಿಂದ ಅದರೊಳಗೆ ಕೂರುವ ಬ್ರೇಕೂ ಚಿಕ್ಕದು. ಗೇರಿನ ಹಲ್ಲುಗಳು ಎಂಜಿನ್ ಎಣ್ಣೆಯನ್ನೇ ಅರೆಯುವುದರಿಂದ ಎಣ್ಣೆಯನ್ನು ಬೇಗ ಬದಲಿಸಬೇಕು. ಗೇರ್‌ಬಾಕ್ಸ್ ರಿಪೇರಿ ಅಂದ್ರೆ ಎಂಜಿನ್ ಸಮೇತ ಇಳಿಸಬೇಕು.

ಇವೆಲ್ಲಕ್ಕಿಂತ ದೊಡ್ಡದು ದುಡ್ಡಿನ ಲೆಕ್ಕ. ಫೋರ್ಡ್ ಕಂಪನಿಯವರು ಒಂದು ಮಿನಿ ಕೊಂಡು, ಪೂರ್ತಿ ಬಿಚ್ಚಿ, ಒಂದೊಂದು ಭಾಗಕ್ಕೂ ತಯಾರಿಕಾ ವೆಚ್ಚ ಹಾಕಿದರು. ಅವರ ಲೆಕ್ಕದಲ್ಲಿ ಬಿಎಂಸಿ ಪ್ರತಿ ಕಾರಿಗೆ ಸುಮಾರು 30 ಪೌಂಡ್ ಕಳೆದುಕೊಳ್ಳುತ್ತಿತ್ತು. ಬಿಎಂಸಿ ಇದನ್ನು ಒಪ್ಪಲಿಲ್ಲ. ಆದರೆ ಲಾಭ ತೀರಾ ಕಡಿಮೆ ಇತ್ತು ಅನ್ನೋದರಲ್ಲಿ ಜಗಳವಿಲ್ಲ. ಅದೇ ಫೋರ್ಡ್ 1962ರಲ್ಲಿ ತಂದ ಕಾರ್ಟಿನಾ ತಾಂತ್ರಿಕವಾಗಿ ಹಳೇ ಪದ್ಧತಿಯದು, ಹಿಂದಿನ ಚಕ್ರದ ಚಾಲನೆ. ಅದರ ಪ್ರತಿ ಭಾಗದ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಮಾಡಿದ್ದರು. ಅದು ಲಾಭ ತಂದಿತು. ಬಿಎಂಸಿ ಕೆಲವೇ ವರ್ಷಗಳಲ್ಲಿ ಸೊರಗಿ 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್‌ನೊಳಗೆ ಸೇರಿಹೋಯಿತು. ಅದಕ್ಕೆ ಕಾರಣ ಮಿನಿಯೊಂದೇ ಅಲ್ಲ, ಆದರೆ ಅಷ್ಟು ಮಾರಾಟವಾಗುತ್ತಿದ್ದ ಕಾರು ಕಂಪನಿಯನ್ನು ಎತ್ತಿ ನಿಲ್ಲಿಸಲಿಲ್ಲ ಅನ್ನೋದು ನಿಜ. ಜಾಗದ ಇಂಚಿಂಚನ್ನೂ ಲೆಕ್ಕ ಹಾಕಿದವರು ಪೌಂಡನ್ನು ಅಷ್ಟೇ ಶಿಸ್ತಿನಿಂದ ಲೆಕ್ಕ ಹಾಕಲಿಲ್ಲ.

ರ‍್ಯಾಲಿಯಲ್ಲೂ ಕಾಲ ನಿಲ್ಲಲಿಲ್ಲ. 1968ರ ಮಾಂಟೆ ಕಾರ್ಲೊವನ್ನು ವಿಕ್ ಎಲ್ಫರ್ಡ್ ಪೋರ್ಶೆ 911ರಲ್ಲಿ ಗೆದ್ದರು. ಎಂಜಿನ್ ಹಿಂದೆ, ಓಡುವ ಚಕ್ರವೂ ಹಿಂದೆ. ಅಂದ್ರೆ ಚಾಲಕ ಚಕ್ರದ ಮೇಲೆ ತೂಕ ಅನ್ನೋ ಅದೇ ಸೂತ್ರ, ಜೊತೆಗೆ ಎಷ್ಟೋ ಹೆಚ್ಚಿನ ಶಕ್ತಿ. ಮಿನಿಗಳು ಮೂರು, ನಾಲ್ಕು, ಐದನೇ ಸ್ಥಾನಕ್ಕೆ ಇಳಿದವು.

ಏನು ಉಳಿಯಿತು, ಏನು ಹೋಯಿತು

ಮಿನಿಯ ತಯಾರಿಕೆ 2000ದ ಅಕ್ಟೋಬರ್‌ವರೆಗೂ ನಡೆಯಿತು. ಒಟ್ಟು 53 ಲಕ್ಷಕ್ಕೂ ಹೆಚ್ಚು ಕಾರು. ಆದರೆ ಅದರ ಎಲ್ಲ ಯೋಚನೆಗಳೂ ಬದುಕಲಿಲ್ಲ. ಸಂಪಿನೊಳಗಿನ ಗೇರ್‌ಬಾಕ್ಸ್ ಹೋಯಿತು. ಇಟಲಿಯಲ್ಲಿ ಫಿಯೆಟ್‌ನ ದಾಂತೆ ಜಕೋಸಾ 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಅಡ್ಡ ಎಂಜಿನ್ನಿನ ಪಕ್ಕಕ್ಕೇ ಗೇರ್‌ಬಾಕ್ಸ್ ಇಟ್ಟು, ಎರಡು ಬದಿಗೆ ಬೇರೆಬೇರೆ ಉದ್ದದ ಡ್ರೈವ್ ಶಾಫ್ಟ್ ಕೊಟ್ಟರು. ಬೇರೆ ಎಣ್ಣೆ, ಬೇರೆ ರಿಪೇರಿ, ಕಡಿಮೆ ತಲೆನೋವು. ಜಗತ್ತು ಅದನ್ನೇ ಹಿಡಿಯಿತು. 1983ರಲ್ಲಿ ನಮ್ಮಲ್ಲಿಗೆ ಬಂದ ಮಾರುತಿ 800ರಲ್ಲೂ ಎಂಜಿನ್ ಅಡ್ಡ, ಎಳೆಯುವುದು ಮುಂದಿನ ಚಕ್ರ. ಉದ್ದುದ್ದ ಎಂಜಿನ್ನಿನ ಅಂಬಾಸಿಡರ್, ಪದ್ಮಿನಿ ನೋಡಿದ್ದ ಮೆಕ್ಯಾನಿಕ್‌ಗಳಿಗೆ ಅದು ಹೊಸ ಪಾಠ. ಮಿನಿ ಕೇಳಿದ ಪ್ರಶ್ನೆ ಉಳಿಯಿತು, ಅದಕ್ಕೆ ಇನ್ನೊಬ್ಬರು ಇನ್ನೂ ಒಳ್ಳೆ ಉತ್ತರ ಕೊಟ್ಟರು.

ನಮ್ಮಲ್ಲಿ ಪ್ರಾಜೆಕ್ಟ್ ಶುರು ಮಾಡುವಾಗ, ಬಾಹಾ ಬಗ್ಗಿ ಆಗಲಿ ಕೊನೇ ವರ್ಷದ ಮಾಡೆಲ್ ಆಗಲಿ, ಷರತ್ತುಗಳ ಪಟ್ಟಿ ನೋಡಿ ಗೊಣಗೋದು ಮಾಮೂಲು. ಇಷ್ಟೇ ಉದ್ದ, ಇದೇ ಎಂಜಿನ್, ಇಷ್ಟೇ ಬಜೆಟ್ ಅಂದ್ರೆ ಏನು ಮಾಡೋದು ಅಂತ. ಇಸಿಗೋನಿಸ್‌ಗೂ ಇದ್ದದ್ದು 10 ಅಡಿ ಮತ್ತು ಒಂದು ಹಳೇ ಎಂಜಿನ್. ಆ 10 ಅಡಿಯನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡರು ಅಂದ್ರೆ, ಯಾರೂ ಕೇಳದೇ ಇದ್ದ ಗುಣಗಳು ಕಾರಿನೊಳಗೆ ತಾವಾಗಿ ಬಂದು ಕೂತವು. ಗಂಭೀರವಾಗಿ ತೆಗೆದುಕೊಳ್ಳದ ಬಜೆಟ್ ಕೊನೆಗೆ ತನ್ನ ಬಾಕಿ ವಸೂಲಿ ಮಾಡಿತು. ಪಟ್ಟಿಯಲ್ಲಿರುವ ಯಾವ ಸಾಲನ್ನು ಬಿಟ್ಟರೂ ಅದು ನಮ್ಮನ್ನು ಬಿಡೋದಿಲ್ಲ.

ಮುಂದಿನ ಸಲ ಕ್ಯಾಂಪಸ್ ಪಾರ್ಕಿಂಗ್‌ನಲ್ಲಿ ಯಾರಾದರೂ ಬಾನೆಟ್ ಎತ್ತಿದ್ದರೆ ಒಂದು ನಿಮಿಷ ನಿಂತು ನೋಡಿ. ಎಂಜಿನ್ ಅಡ್ಡ ಇದೆಯಾ? ಗೇರ್‌ಬಾಕ್ಸ್ ಎಲ್ಲಿದೆ? ಡ್ರೈವ್ ಶಾಫ್ಟ್‌ಗಳ ಉದ್ದ ಎರಡೂ ಕಡೆ ಒಂದೇ ಇದೆಯಾ? ಯಾಕೆ ಇಲ್ಲ? ಆ 'ಯಾಕೆ'ಗೆ ಉತ್ತರ ಹುಡುಕಿದರೆ ಅರ್ಧ ಆಟೋಮೊಬೈಲ್ ಸಿಲಬಸ್ ಅಲ್ಲೇ ಮುಗಿಯುತ್ತೆ.